ಬೇಗ ಓದಿದ ಹುಡುಗ: ಸರ್ ಸಿ. ವಿ. ರಾಮನ್

ಚಂದ್ರಶೇಖರ ವೆಂಕಟ ರಾಮನ್ ಅವರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ವಿಶಾಖಪಟ್ಟಣದಲ್ಲಿ ಉಪನ್ಯಾಸಕರಾಗಿದ್ದರು. ಬಾಲಕ ರಾಮನ್ 11ನೇ ವಯಸ್ಸಿಗೇ ಮೆಟ್ರಿಕ್ಯುಲೇಷನ್ ಮುಗಿಸಿ, 14ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದರು. 1904ರಲ್ಲಿ ಮೊದಲ ಸ್ಥಾನದೊಂದಿಗೆ ಬಿ.ಎ., 1907ರಲ್ಲಿ ಎಂ.ಎ. ಪಡೆದರು.

ಬೇಗ ಓದಿದ್ದರಿಂದ ಎಲ್ಲ ದಾರಿಯೂ ತೆರೆಯಲಿಲ್ಲ. ದೇಹ ದುರ್ಬಲವಾಗಿದ್ದು, ಇಂಗ್ಲೆಂಡಿನ ಚಳಿ ತಡೆಯದೆಂದು ವೈದ್ಯರು ಪ್ರಯಾಣಕ್ಕೆ ಒಪ್ಪಲಿಲ್ಲ. 18ನೇ ವಯಸ್ಸಿನಲ್ಲಿ ಕಲ್ಕತ್ತೆಯಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾದರು. ಹಗಲು ಕಚೇರಿಯ ಲೆಕ್ಕಪತ್ರ, ಉಳಿದ ಹೊತ್ತು ಪ್ರಯೋಗಾಲಯ. ಹತ್ತು ವರ್ಷಗಳ ನಂತರ, 1917ರಲ್ಲಿ, ಆ ನೌಕರಿ ಬಿಟ್ಟು ಕಲ್ಕತ್ತ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು.

1921ರಲ್ಲಿ ಹಡಗಿನಿಂದ ಕಂಡ ಸಮುದ್ರದ ನೀಲಿ ಬಣ್ಣ ಅವರನ್ನು ಕಾಡಿತು. ಬೆಳಕು ಚದುರುವ ಬಗೆಯನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ರಾಮನ್ ಪರಿಣಾಮ ಕಂಡದ್ದು 1928ರ ಫೆಬ್ರವರಿ 28ರಂದು. ನೊಬೆಲ್ ಬಂದದ್ದು 1930ರಲ್ಲಿ. 1933ರಲ್ಲಿ ಬೆಂಗಳೂರಿಗೆ ಬಂದು, 1970ರ ನವೆಂಬರ್ 21ರಂದು ಇಲ್ಲೇ ನಿಧನರಾದರು.

ವಿದ್ಯಾರ್ಥಿಗಳೇ, ತರಗತಿಗಳನ್ನು ಅಷ್ಟು ಬೇಗ ದಾಟಿದ ರಾಮನ್, ಒಂದು ಪ್ರಶ್ನೆಗೆ ಏಳು ವರ್ಷ ಕೊಟ್ಟರು. ಜಗತ್ತು ಅವರನ್ನು ನೆನೆಯುವುದು ಆ ಏಳು ವರ್ಷಗಳ ದುಡಿಮೆಗಾಗಿ. ಪಿಯುಸಿಯ ಎರಡು ವರ್ಷಗಳನ್ನು ಅವಸರದಲ್ಲಿ ಕಳೆಯದೆ, ಪಾಠವನ್ನು ಅರ್ಥ ಮಾಡಿಕೊಂಡು ಮುಂದೆ ಸಾಗೋಣ.