ದಿವಂಗತ ಶ್ರೀ ಅಬ್ದುಲ್ ನಜೀರ್ ಸಾಬ್: ಜೀವನ ಮತ್ತು ಕಾರ್ಯ

ಕರ್ನಾಟಕದ ಪಂಚಾಯತ್ ರಾಜ್ ವ್ಯವಸ್ಥೆಯ ಶಿಲ್ಪಿಯೆಂದು ಹೆಸರಾದ ದಿವಂಗತ ಶ್ರೀ ಅಬ್ದುಲ್ ನಜೀರ್ ಸಾಬ್‌ರವರು ಅಂದಿನ ಮೈಸೂರು ಜಿಲ್ಲೆಯ ಗುಂಡ್ಲುಪೇಟೆಯವರು. ಬಂಡೀಪುರ ಅರಣ್ಯದ ಅಂಚಿನಲ್ಲಿರುವ ಈ ತಾಲ್ಲೂಕು ಸೋಲಿಗರು ಹಾಗೂ ಜೇನುಕುರುಬರ ನೆಲೆಯೂ ಆಗಿದೆ.

1983ರಲ್ಲಿ ಶ್ರೀ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳಾದ ನಂತರ ನಜೀರ್ ಸಾಬ್‌ರವರಿಗೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯನ್ನು ವಹಿಸಲಾಯಿತು. ಬರಗಾಲದ ಆ ವರ್ಷಗಳಲ್ಲಿ ಹಳ್ಳಿಹಳ್ಳಿಗೆ ಕೊಳವೆಬಾವಿ ಹಾಗೂ ಕೈಪಂಪುಗಳನ್ನು ಒದಗಿಸಿದ್ದರಿಂದ ಜನರು ಅವರನ್ನು ನೀರ್ ಸಾಬ್ ಎಂದು ಕರೆದರು. ಈ ಹೆಸರು ಇಂದಿಗೂ ಬಳಕೆಯಲ್ಲಿದೆ. ಆದರೆ ನೀರಿಗಿಂತಲೂ ದೊಡ್ಡದಾದ ಅವರ ಕೆಲಸವು ಕಾನೂನಿನ ರೂಪದಲ್ಲಿದೆ.

ಅಲ್ಲಿಯವರೆಗೆ 1959ರ ಅಧಿನಿಯಮವು ಜಾರಿಯಲ್ಲಿತ್ತು. ಜಿಲ್ಲಾ ಮಟ್ಟದ ಅಭಿವೃದ್ಧಿ ಪರಿಷತ್ತಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರಾಗಿರುತ್ತಿದ್ದರು. ಜನರು ಮನವಿ ಸಲ್ಲಿಸುವವರು, ಅಧಿಕಾರಿಗಳು ಮಂಜೂರು ಮಾಡುವವರು ಎಂಬುದೇ ರೂಢಿಯಾಗಿತ್ತು. ಇದನ್ನು ಬದಲಿಸಲು ನಜೀರ್ ಸಾಬ್‌ರವರು ಜಿಲ್ಲಾ ಪರಿಷತ್ತು, ತಾಲ್ಲೂಕು ಪಂಚಾಯತ್ ಸಮಿತಿ, ಮಂಡಲ ಪಂಚಾಯತಿ ಹಾಗೂ ನ್ಯಾಯ ಪಂಚಾಯತಿಗಳ ವಿಧೇಯಕವನ್ನು 1983ರಲ್ಲಿ ಮಂಡಿಸಿದರು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆತದ್ದು 1985ರಲ್ಲಿ. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ.

ಓದುಬರಹ ಬಾರದವರು, ಆಡಳಿತದ ಅನುಭವವಿಲ್ಲದವರು ಮಂಡಲವನ್ನು ಹೇಗೆ ನಡೆಸಿಯಾರು ಎಂಬ ಸಂಶಯ ಆಗ ವ್ಯಾಪಕವಾಗಿತ್ತು. ತಮ್ಮ ಅಧಿಕಾರ ಕುಗ್ಗುವುದೆಂಬ ಅಳುಕು ಅನೇಕ ಶಾಸಕರಲ್ಲಿಯೂ ಇತ್ತು. ನಜೀರ್ ಸಾಬ್‌ರವರ ನಿಲುವು ಬೇರೆಯಾಗಿತ್ತು. ಸಾಮರ್ಥ್ಯ ಬಂದ ಮೇಲೆ ಅಧಿಕಾರ ಕೊಡುವುದಲ್ಲ, ಅಧಿಕಾರ ನಡೆಸುತ್ತಲೇ ಸಾಮರ್ಥ್ಯ ಬರುತ್ತದೆ ಎಂಬುದು ಅವರ ಅಧಿನಿಯಮದ ಒಳಗಿನ ನಂಬಿಕೆ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆಯನ್ನು ನೀಡಲಾಯಿತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯರಾದ ಅಧಿಕಾರಿಯನ್ನು ನೇಮಿಸಲಾಯಿತು. ಮಹಿಳೆಯರಿಗೆ ಶೇಕಡ 25ರಷ್ಟು ಹಾಗೂ ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳಿಗೆ ಕನಿಷ್ಠ ಶೇಕಡ 18ರಷ್ಟು ಸ್ಥಾನಗಳನ್ನು ಕಾಯ್ದಿರಿಸಲಾಯಿತು. ರಾಜ್ಯದಲ್ಲಿ 50,000ಕ್ಕೂ ಹೆಚ್ಚು ಸದಸ್ಯರು ಆಯ್ಕೆಯಾದರು.

ಧಾರವಾಡ ಜಿಲ್ಲಾ ಪರಿಷತ್ತು ಅಂದು ಇಂದಿನ ಗದಗ ಮತ್ತು ಹಾವೇರಿ ಜಿಲ್ಲೆಗಳನ್ನೂ ಒಳಗೊಂಡಿತ್ತು. (ಹುಬ್ಬಳ್ಳಿ-ಧಾರವಾಡ ಅವಳಿ ನಗರವು 1962ರಿಂದ ಮಹಾನಗರ ಪಾಲಿಕೆಯ ಆಡಳಿತದಲ್ಲಿದ್ದುದರಿಂದ ಈ ವ್ಯವಸ್ಥೆಯ ಹೊರಗಿತ್ತು.)

ಮೀಸಲು ಸ್ಥಾನಗಳ ಪ್ರಯೋಜನ ಎಲ್ಲ ಮೂಲನಿವಾಸಿ ಸಮುದಾಯಗಳಿಗೂ ಆಗ ದೊರೆಯಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಯಲ್ಲಾಪುರ, ಹಳಿಯಾಳ ಹಾಗೂ ನಮ್ಮ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ಅರಣ್ಯದಂಚಿನಲ್ಲಿ ತಲೆಮಾರುಗಳಿಂದ ನೆಲೆಸಿರುವ ಸಿದ್ದಿ ಸಮುದಾಯವು 1987ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಇರಲಿಲ್ಲ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಯರು 2003ರಲ್ಲಿ ಈ ಪಟ್ಟಿಗೆ ಸೇರಿದರು. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಯರು 2020ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಮೀಸಲು ಕುರ್ಚಿಯೂ ಇಲ್ಲ.

1988ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಗ್ರಾಮಾಂತರ ಕ್ಷೇತ್ರದ ಶ್ರೀ ಎಸ್. ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಗಳಾದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಜೀರ್ ಸಾಬ್‌ರವರು ಕ್ಯಾನ್ಸರ್‌ನಿಂದ ನಿಧನರಾದರು. ಅವರು ಕಟ್ಟಿದ ಸಂಸ್ಥೆಗಳ ಮೊದಲ ಅವಧಿ 1992ರಲ್ಲಿ ಮುಗಿದಾಗ ಸಕಾಲದಲ್ಲಿ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳ ಕೈಗೆ ಅಧಿಕಾರ ಮರಳಿತು. ಸಂವಿಧಾನದ 73ನೇ ತಿದ್ದುಪಡಿಯ ನಂತರ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮ, 1993 ಜಾರಿಗೆ ಬಂದು, ಮಂಡಲದ ಸ್ಥಾನದಲ್ಲಿ ಗ್ರಾಮ ಪಂಚಾಯತಿ ಬಂದಿತು. ಚುನಾಯಿತ ಸದಸ್ಯರಿಗೆ ತರಬೇತಿ ನೀಡುವ ಮೈಸೂರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ನಜೀರ್ ಸಾಬ್‌ರವರ ಹೆಸರನ್ನಿಡಲಾಗಿದೆ.

ಕರ್ನಾಟಕದಲ್ಲಿ ಐದನೇ ಅನುಸೂಚಿಯ ಪ್ರದೇಶಗಳಿಲ್ಲ. ಆದ್ದರಿಂದ ಅನುಸೂಚಿತ ಪ್ರದೇಶಗಳ 1996ರ ಪಂಚಾಯತ್ ವಿಸ್ತರಣಾ ಅಧಿನಿಯಮ ಇಲ್ಲಿಗೆ ಅನ್ವಯಿಸುವುದಿಲ್ಲ. ಹೀಗಾಗಿ ಇಲ್ಲಿನ ಅರಣ್ಯವಾಸಿಗಳಿಗೆ ಗ್ರಾಮ ಸಭೆಯೇ ಮುಖ್ಯ ವೇದಿಕೆ. ನಜೀರ್ ಸಾಬ್‌ರವರ ಅಧಿನಿಯಮ ಶಾಸನಬದ್ಧ ಸ್ಥಾನ ನೀಡಿದ್ದ ಈ ಸಭೆಗೆ 2006ರ ಅರಣ್ಯ ಹಕ್ಕುಗಳ ಅಧಿನಿಯಮವು ಹೆಚ್ಚಿನ ಹೊಣೆ ನೀಡಿದೆ. ಹಕ್ಕು ಕೋರುವ ಅರ್ಜಿಯನ್ನು ಮೊದಲು ಗ್ರಾಮ ಸಭೆಯು ಚುನಾಯಿಸಿದ ಅರಣ್ಯ ಹಕ್ಕು ಸಮಿತಿಗೆ ಸಲ್ಲಿಸತಕ್ಕದ್ದು. ಗ್ರಾಮ ಸಭೆಯ ನಿರ್ಣಯದ ನಂತರ ಅದು ಉಪವಿಭಾಗ ಮಟ್ಟದ ಸಮಿತಿಗೂ, ಅಲ್ಲಿಂದ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿಗೂ ಹೋಗುತ್ತದೆ. ಪರಿಶಿಷ್ಟ ಪಂಗಡದ ಜಾತಿ ಪ್ರಮಾಣ ಪತ್ರಕ್ಕಾಗಿ ಕಲಘಟಗಿ ತಾಲ್ಲೂಕಿನ ಅರ್ಜಿದಾರರು ತಮ್ಮ ಹೋಬಳಿಯ ನಾಡಕಚೇರಿಯನ್ನು ಸಂಪರ್ಕಿಸಬಹುದು.