ಠಾಣೆ ಜೈಲಿನಲ್ಲಿ ಗಲ್ಲಿಗೇರಿದ ಹದಿನೆಂಟರ ಹುಡುಗ: ಅನಂತ ಕಾನ್ಹೆರೆ ಮತ್ತು ಪೆಟ್ಟಿಗೆಯ ತಳದಲ್ಲಿ ಬಂದ ಪಿಸ್ತೂಲು

ಡೊಂಬಿವಲಿ, ಕಲ್ಯಾಣದಿಂದ ಲೋಕಲ್ ಹಿಡಿದು ಮುಂಬೈ ಕಡೆ ಕೆಲಸಕ್ಕೆ ಹೋಗುವ ಕನ್ನಡಿಗರು ದಿನಾ ದಾಟುವ ನಿಲ್ದಾಣ ಠಾಣೆ. ಆ ನಿಲ್ದಾಣದಿಂದ ಹೆಚ್ಚು ದೂರವಿಲ್ಲದ ಜಾಗದಲ್ಲಿ ಹಳೆಯ ಕೋಟೆಯೊಂದಿದೆ. ಪೋರ್ಚುಗೀಸರು 1730ರಲ್ಲಿ ಕಟ್ಟಲು ಆರಂಭಿಸಿದ್ದನ್ನು 1737ರಲ್ಲಿ ಮರಾಠರು ವಶಪಡಿಸಿಕೊಂಡರು. ಮುಂದೆ ಬ್ರಿಟಿಷರ ಕೈಸೇರಿ ಜೈಲಾಯಿತು. ಈಗಲೂ ಅದು ಜೈಲೇ, ಠಾಣೆ ಕೇಂದ್ರ ಕಾರಾಗೃಹ. 1910ರ ಏಪ್ರಿಲ್ 19ರಂದು ಅಲ್ಲಿ ಮೂವರು ಯುವಕರನ್ನು ಗಲ್ಲಿಗೇರಿಸಲಾಯಿತು. ಅವರಲ್ಲಿ ಅತ್ಯಂತ ಕಿರಿಯ, ಅನಂತ ಲಕ್ಷ್ಮಣ ಕಾನ್ಹೆರೆ. ವಯಸ್ಸು ಹದಿನೆಂಟರ ಆಸುಪಾಸು.

ನಾಸಿಕ್ ಕಲೆಕ್ಟರ್ ಜಾಕ್ಸನ್‌ನನ್ನು ಗುಂಡಿಟ್ಟು ಕೊಂದವನು ಈತ ಎಂಬುದನ್ನು ಮಹಾರಾಷ್ಟ್ರದ ಶಾಲಾ ಮಕ್ಕಳೂ ಬಲ್ಲರು. ಆದರೆ ಆ ಗುಂಡು ಹಾರಿಸಿದ ಪಿಸ್ತೂಲು ಎಲ್ಲಿಂದ ಬಂತು, ಅದೇ ಜಾತಿಯ ಪಿಸ್ತೂಲು ಏಕೆ ಬಂತು ಎಂಬ ಕಥೆ ಗೊತ್ತಿರುವವರು ಕಡಿಮೆ. ಕಾನ್ಹೆರೆಯ ಬದುಕಿನ ಕೊನೆಯ ವರ್ಷ ಪೂರ್ತಿ ಆ ಪುಟ್ಟ ಆಯುಧದ ಸುತ್ತ ಸುತ್ತಿಕೊಂಡಿದೆ.

ಯಾರು ಈ ಕಾನ್ಹೆರೆ?

ಕೊಂಕಣದ ರತ್ನಾಗಿರಿ ಜಿಲ್ಲೆ ಖೇಡ್ ತಾಲೂಕಿನ ಆಯನಿ ಎಂಬ ಸಣ್ಣ ಹಳ್ಳಿ ಈತನ ಹುಟ್ಟೂರು. ಇಂಗ್ಲಿಷ್ ಓದಿಗಾಗಿ ಅಂದಿನ ನಿಜಾಮ್ ಸಂಸ್ಥಾನಕ್ಕೆ ಸೇರಿದ್ದ ಔರಂಗಾಬಾದ್‌ಗೆ ಹೋದ. ಅಲ್ಲಿ ಗಂಗಾರಾಮ್ ರೂಪಚಂದ್ ಶ್ರಾಫ್ ಎಂಬುವವರ ಮನೆಯಲ್ಲಿ ಬಾಡಿಗೆಗಿದ್ದ. ಗೆಳೆತನವನ್ನೇ ವಸ್ತುವಾಗಿಟ್ಟುಕೊಂಡು 'ಮಿತ್ರಪ್ರೇಮ' ಎಂಬ ಕಾದಂಬರಿ ಬರೆದಿದ್ದ. ಬಂದೂಕು ಹಿಡಿಯುವ ಮನೆತನದವನಲ್ಲ, ಸೈನ್ಯದ ಹಿನ್ನೆಲೆಯೂ ಇಲ್ಲ. ಓದು, ಬರಹ, ಸ್ನೇಹಿತರು, ಇಷ್ಟೇ ಅವನ ಲೋಕ. ಆ ಸ್ನೇಹಿತರ ಮೂಲಕವೇ ನಾಸಿಕ್‌ನ ರಹಸ್ಯ ಸಂಘಟನೆಯ ಸಂಪರ್ಕ ಬೆಳೆಯಿತು.

ನಾಸಿಕ್‌ನಲ್ಲಿ ಆಗ ಅಭಿನವ ಭಾರತ ಗುಂಪಿನ ಜಾಲವಿತ್ತು. ವಿನಾಯಕ ದಾಮೋದರ ಸಾವರ್ಕರ್ ಕಾನೂನು ಓದಲು ಲಂಡನ್‌ಗೆ ಹೋಗಿದ್ದರು. ಊರಿನಲ್ಲಿ ಅವರ ಅಣ್ಣ ಗಣೇಶ ಅಲಿಯಾಸ್ ಬಾಬಾರಾವ್ ಸಾವರ್ಕರ್ ಗುಂಪನ್ನು ನೋಡಿಕೊಳ್ಳುತ್ತಿದ್ದರು. ಅಣ್ಣನ ಬಂಧನದ ನಂತರ ಆ ಜವಾಬ್ದಾರಿಯ ದೊಡ್ಡ ಪಾಲು ಕೃಷ್ಣಾಜಿ ಗೋಪಾಲ ಕರ್ವೆ ಎಂಬ ಪದವೀಧರನ ಹೆಗಲಿಗೆ ಬಿತ್ತು.

ಬಾಂಬ್ ಬೇಡ, ಪಿಸ್ತೂಲೇ ಬೇಕು ಎಂದದ್ದೇಕೆ?

ಆಯುಧ ಹುಡುಕುವುದು ಆ ದಿನಗಳಲ್ಲಿ ಸುಲಭದ ಮಾತಾಗಿರಲಿಲ್ಲ. 1878ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಭಾರತೀಯರು ಬಂದೂಕು ಇಟ್ಟುಕೊಳ್ಳುವಂತಿರಲಿಲ್ಲ. ಯುರೋಪಿಯನ್ನರಿಗೆ ವಿನಾಯಿತಿ, ಇಲ್ಲಿನವರಿಗೆ ಕಲೆಕ್ಟರ್ ಕಚೇರಿಯ ಅಪ್ಪಣೆ. ಅಂದರೆ ಕಲೆಕ್ಟರ್ ವಿರುದ್ಧ ಸಂಚು ಮಾಡುವವರು ಆಯುಧಕ್ಕೆ ಸರ್ಕಾರದ ಬಾಗಿಲನ್ನೇ ತಟ್ಟಬೇಕಿತ್ತು!

ಇನ್ನೊಂದು ದಾರಿ ಬಾಂಬ್. ಸಾವರ್ಕರ್ ಬಳಗ ಬಾಂಬ್ ತಯಾರಿಕೆಯ ಕೈಪಿಡಿಯನ್ನು ಭಾರತಕ್ಕೆ ಕಳಿಸಿದ್ದೂ ಉಂಟು. ಆದರೆ 1908ರ ಏಪ್ರಿಲ್ 30ರಂದು ಮುಜಫ್ಫರ್‌ಪುರದಲ್ಲಿ ಖುದಿರಾಮ್ ಬೋಸ್ ಮತ್ತು ಪ್ರಫುಲ್ಲ ಚಾಕಿ ಎಸೆದ ಬಾಂಬ್ ಗುರಿಯಾಗಿದ್ದ ಮ್ಯಾಜಿಸ್ಟ್ರೇಟ್ ಕಿಂಗ್ಸ್‌ಫೋರ್ಡ್‌ಗೆ ತಗಲದೆ, ಬೇರೆ ಗಾಡಿಯಲ್ಲಿದ್ದ ತಾಯಿ ಮಗಳನ್ನು ಬಲಿ ಪಡೆದಿತ್ತು. ಬಾಂಬ್‌ಗೆ ಯಾರು ಎದುರಿಗಿದ್ದಾರೆ ಎಂಬ ಭೇದವಿಲ್ಲ. ಜನ ತುಂಬಿದ ಜಾಗದಲ್ಲಿ ಒಬ್ಬನನ್ನೇ ಗುರಿಯಾಗಿಸಲು ಅದು ಬರುವುದಿಲ್ಲ.

ಹಳೆಯ ಸಿಕ್ಸರ್ ಮಾದರಿಯ ರಿವಾಲ್ವರ್‌ಗೂ ಒಂದು ತೊಡಕಿತ್ತು. ಗುಂಡು ತುಂಬುವ ಅದರ ಉರುಳೆ ದಪ್ಪ. ಅಂಗಿಯೊಳಗೆ ಇಟ್ಟರೆ ಉಬ್ಬು ಹೊರಗೆ ಕಾಣುತ್ತದೆ. ಅಮೆರಿಕದ ಜಾನ್ ಮೋಸೆಸ್ ಬ್ರೌನಿಂಗ್ ವಿನ್ಯಾಸ ಮಾಡಿ, ಬೆಲ್ಜಿಯಂನ ಲೀಜ್ ಬಳಿಯ ಹೆರ್ಸ್ಟಾಲ್ ಕಾರ್ಖಾನೆ ತಯಾರಿಸಿದ ಆಟೊಮ್ಯಾಟಿಕ್ ಪಿಸ್ತೂಲುಗಳು ಈ ತೊಂದರೆಯನ್ನು ನೀಗಿಸಿದ್ದವು. ಗುಂಡುಗಳೆಲ್ಲ ಹಿಡಿಕೆಯೊಳಗಿನ ಚಪ್ಪಟೆ ಮ್ಯಾಗಜಿನ್‌ನಲ್ಲಿ ಕೂರುತ್ತಿದ್ದವು. ಈ ಸಾಲಿನ ಪ್ರಸಿದ್ಧ 1900ರ ಮಾದರಿಯನ್ನೇ ನೋಡಿ. ಉದ್ದ ಸುಮಾರು 17 ಸೆಂಟಿಮೀಟರ್, ತೂಕ 625 ಗ್ರಾಂ ಆಸುಪಾಸು, 7.65 ಮಿಲಿಮೀಟರ್‌ನ ಏಳು ಗುಂಡು. ಕೋಟಿನ ಒಳಜೇಬಿಗೆ ಹಾಕಿ ಗುಂಡಿ ಹಾಕಿಕೊಂಡರೆ ಪಕ್ಕದಲ್ಲಿ ಕೂತವನಿಗೂ ಗೊತ್ತಾಗದು. ಯುರೋಪಿನಲ್ಲಿ ಪೊಲೀಸರಿಂದ ಹಿಡಿದು ವ್ಯಾಪಾರಿಗಳವರೆಗೆ ಇವನ್ನು ಕೊಳ್ಳುತ್ತಿದ್ದರು. ದುಬಾರಿ, ಅಪರೂಪದ ವಸ್ತುವೇನೂ ಆಗಿರಲಿಲ್ಲ.

ಅಡುಗೆಯವನ ಪೆಟ್ಟಿಗೆಯಲ್ಲಿ 20 ಪಿಸ್ತೂಲು

ಹೀಗೆ ಪ್ಯಾರಿಸ್‌ನಿಂದ ಪಡೆದ 20 ಬ್ರೌನಿಂಗ್ ಪಿಸ್ತೂಲುಗಳು ಗುಂಡುಗಳ ಸಮೇತ ಲಂಡನ್ನಿನ ಇಂಡಿಯಾ ಹೌಸ್ ಸೇರಿದವು. ಅಲ್ಲಿ ಅಡುಗೆ ಮಾಡುತ್ತಿದ್ದ ಚತುರ್ಭುಜ ಅಮೀನ್ ಊರಿಗೆ ಮರಳುವವನಿದ್ದ. ಅವನ ಪೆಟ್ಟಿಗೆಗೆ ಎರಡು ತಳ ಮಾಡಿಸಿ, ನಡುವೆ ಪಿಸ್ತೂಲುಗಳನ್ನು ಜೋಡಿಸಲಾಯಿತು. 1909ರ ಮಾರ್ಚ್ ಮೊದಲ ವಾರ ಆತ ಮುಂಬೈ ತಲುಪಿದ. ಬಂದರಿನಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಜೇಬಿನಲ್ಲಿ ಅಡಗುವಷ್ಟು ಚಿಕ್ಕ ಪಿಸ್ತೂಲಾಗಿದ್ದರಿಂದಲೇ ಒಂದು ಪೆಟ್ಟಿಗೆಯ ತಳದಲ್ಲಿ ಇಪ್ಪತ್ತು ಅಡಗಿದವು ಎನ್ನಬೇಕು.

ಆದರೆ ಅಷ್ಟರಲ್ಲಿ ಬಾಬಾರಾವ್ ಬಂಧನವಾಗಿಹೋಗಿತ್ತು. ಸರ್ಕಾರದ ವಿರುದ್ಧ ಕೆರಳಿಸುವ ಪದ್ಯಗಳನ್ನು ಪ್ರಕಟಿಸಿದ್ದು ಅವರ ಮೇಲಿನ ಆರೋಪ. 1909ರ ಜೂನ್‌ನಲ್ಲಿ ಅವರಿಗೆ ಜೀವಾವಧಿ ಕರಿನೀರಿನ ಶಿಕ್ಷೆಯಾಯಿತು. ಪದ್ಯಕ್ಕೆ ಅಂಡಮಾನ್! ನಾಸಿಕ್‌ನ ಯುವಕರನ್ನು ಕುದಿಸಿದ್ದು ಇದೇ. ಜುಲೈ 1ರಂದು ಲಂಡನ್ನಿನಲ್ಲಿ ಮದನ್‌ಲಾಲ್ ಧಿಂಗ್ರಾ, ಕರ್ಜನ್ ವೈಲಿಯನ್ನು ಗುಂಡಿಟ್ಟು ಕೊಂದ. ಇತ್ತ ನಾಸಿಕ್ ಗುಂಪಿನ ಕಣ್ಣು ಬಾಬಾರಾವ್‌ರನ್ನು ಕಟಕಟೆಗೆ ತಂದ ಜಿಲ್ಲಾಡಳಿತದ ಮುಖ್ಯಸ್ಥನ ಮೇಲೆ ನೆಟ್ಟಿತು. ಆತನೇ ಎ.ಎಂ.ಟಿ. ಜಾಕ್ಸನ್.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಜಾಕ್ಸನ್ ದರ್ಪದ ಅಧಿಕಾರಿಯ ಸಿದ್ಧ ಅಚ್ಚಿಗೆ ಹೊಂದುವ ಮನುಷ್ಯನಲ್ಲ. ಸಂಸ್ಕೃತ ಬಲ್ಲವನು. ಊರಿನವರು ಪಂಡಿತ ಜಾಕ್ಸನ್ ಎಂದೇ ಕರೆಯುತ್ತಿದ್ದರು. ಗುಜರಾತ್ ಮತ್ತು ಕೊಂಕಣದ ಜನಪದ ನಂಬಿಕೆಗಳ ಬಗ್ಗೆ ಆತ ಕೂಡಿಸಿಟ್ಟ ಟಿಪ್ಪಣಿಗಳು ಸಾವಿನ ನಂತರ ಎಂಥೋವನ್ ಸಂಪಾದಕತ್ವದಲ್ಲಿ ಪುಸ್ತಕಗಳಾಗಿ ಬಂದಿವೆ. ಕಾನ್ಹೆರೆ ಹುಟ್ಟಿದ ಕೊಂಕಣದ ಹಳ್ಳಿಗಳ ಆಚರಣೆಗಳನ್ನು ಬರೆದಿಡಲು ಮನಸ್ಸು ಮಾಡಿದ್ದವನೂ ಇದೇ ಜಾಕ್ಸನ್. ಕ್ರಾಂತಿಕಾರಿಗಳ ಲೆಕ್ಕ ಬೇರೆಯಿತ್ತು. ಸಜ್ಜನನಾಗಿದ್ದರೂ ಆತ ಕೂತಿದ್ದ ಕುರ್ಚಿ ಸಾಮ್ರಾಜ್ಯದ್ದು ಎಂಬುದು ಅವರ ವಾದ. ಒಪ್ಪುವುದು ಬಿಡುವುದು ಓದುಗರಿಗೆ ಬಿಟ್ಟದ್ದು, ಆದರೆ ಕಥೆ ಹೇಳುವಾಗ ಈ ಭಾಗವನ್ನು ನುಂಗಿಹಾಕುವುದು ಸರಿಯಲ್ಲ.

ವಿಜಯಾನಂದ ಥಿಯೇಟರ್‌ನ ಆ ರಾತ್ರಿ

1910ರ ಜನವರಿಯಲ್ಲಿ ಕೃತ್ಯ ನಡೆಸಬೇಕೆಂದು ಮೊದಲು ತೀರ್ಮಾನವಾಗಿತ್ತು. ಅಷ್ಟರಲ್ಲಿ ಜಾಕ್ಸನ್‌ಗೆ ಬಡ್ತಿಯ ಮೇಲೆ ಮುಂಬೈಗೆ ವರ್ಗವಾಯಿತು. ಊರಿನ ಗಣ್ಯರು ಬೀಳ್ಕೊಡುಗೆಗೆ ನಾಟಕ ಏರ್ಪಡಿಸಿದರು. ಗೋವಿಂದ ಬಲ್ಲಾಳ ದೇವಲ್ ಬರೆದ 'ಸಂಗೀತ ಶಾರದಾ', ಆಡುವವರು ಕಿರ್ಲೋಸ್ಕರ್ ನಾಟಕ ಮಂಡಳಿ. ಈ ಮಂಡಳಿಯನ್ನು ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರು ತೀರಿಕೊಂಡು ಆಗಲೇ ಎರಡು ದಶಕ ಕಳೆದಿತ್ತು. ಬಾಲಗಂಧರ್ವರು ಕಂಪನಿಯ ತಾರೆಯಾಗಿದ್ದ ಕಾಲವದು.

ತರಾತುರಿಯಲ್ಲಿ ಯೋಜನೆ ಬದಲಾಯಿತು. ಗುಂಡು ಹಾರಿಸುವವನು ಕಾನ್ಹೆರೆ. ಅವನು ವಿಫಲನಾದರೆ ವಿನಾಯಕ ನಾರಾಯಣ ದೇಶಪಾಂಡೆ. ಅವನಿಂದಲೂ ಆಗದಿದ್ದರೆ ಕರ್ವೆ. ಮೂವರ ಬಳಿಯೂ ಆಯುಧ. ಕೆಲಸ ಮುಗಿದ ತಕ್ಷಣ ಕಾನ್ಹೆರೆ ತನ್ನನ್ನು ತಾನೇ ಮುಗಿಸಿಕೊಳ್ಳಬೇಕು, ಅದಕ್ಕೆ ವಿಷವೂ ಜೊತೆಗಿತ್ತು. ಅವನು ಸತ್ತರೆ ಉಳಿದವರ ಹೆಸರು ಹೊರಬರುವುದಿಲ್ಲ ಎಂಬ ಎಣಿಕೆ. ಇಡೀ ಸಂಚಿನಲ್ಲಿ ಮನಸ್ಸು ಕಲಕುವ ಭಾಗ ಇದೇ. ಸಾಯುವ ಪಾಲನ್ನು ಗುಂಪಿನ ಅತಿ ಕಿರಿಯ, ಹೊರಊರಿನಿಂದ ಬಂದ ಹುಡುಗ ತಾನಾಗಿ ಹೊತ್ತುಕೊಂಡ, ಹಿರಿಯರು ಒಪ್ಪಿದರು.

1909ರ ಡಿಸೆಂಬರ್ 21. ನಾಟಕ ನೋಡಲು ಜಾಕ್ಸನ್ ಒಳಬಂದಾಗ ಕಾನ್ಹೆರೆ ಎದುರಿಗೆ ನುಗ್ಗಿ ನಾಲ್ಕು ಗುಂಡು ಹಾರಿಸಿದ. ಜಾಕ್ಸನ್ ಅಲ್ಲೇ ಕುಸಿದ. ಪಿಸ್ತೂಲು ಮಾಡಬೇಕಾದ್ದನ್ನು ಮಾಡಿತ್ತು, ಆದರೆ ಯೋಜನೆಯ ಇನ್ನರ್ಧ ನಡೆಯಲಿಲ್ಲ. ಅಲ್ಲಿದ್ದ ಅಧಿಕಾರಿ ಪಳಶೀಕರ್ ಕೋಲಿನಿಂದ ಹೊಡೆದರು, ಸುತ್ತಲಿನವರು ಮೇಲೆಬಿದ್ದು ಹಿಡಿದುಕೊಂಡರು. ತನ್ನ ಮೇಲೆ ಗುಂಡು ಹಾರಿಸಿಕೊಳ್ಳಲೂ ಆಗಲಿಲ್ಲ, ವಿಷ ಬಾಯಿಗೆ ಹಾಕಲೂ ಆಗಲಿಲ್ಲ. ಹುಡುಗ ಜೀವಂತ ಸಿಕ್ಕಿಬಿದ್ದ.

ಪಿಸ್ತೂಲೇ ಸಾಕ್ಷಿಯಾಯಿತು

ಅಡಗಿಸಲು ಅನುಕೂಲ ಎಂದು ತಂದ ಪಿಸ್ತೂಲು ಈಗ ಪೊಲೀಸರ ಮೇಜಿನ ಮೇಲಿತ್ತು. ನಾಡ ಬಂದೂಕಾಗಿದ್ದರೆ ಜಾಡು ನಾಸಿಕ್‌ನಲ್ಲೇ ನಿಲ್ಲುತ್ತಿತ್ತೇನೋ. ಬೆಲ್ಜಿಯಂನ ಈ ಪಿಸ್ತೂಲು ಬ್ರಿಟಿಷರನ್ನು ನೇರವಾಗಿ ಸಮುದ್ರದಾಚೆಗೆ ಕರೆದೊಯ್ದಿತು. ಬಂಧನಗಳ ಸರಮಾಲೆ ಶುರುವಾಯಿತು. ಪೆಟ್ಟಿಗೆ ಹೊತ್ತು ತಂದ ಚತುರ್ಭುಜ ಅಮೀನ್ ಕೊನೆಗೆ ಸರ್ಕಾರದ ಪರ ಸಾಕ್ಷಿಯಾದ. ಕೊಲೆಗೆ ಬಳಸಿದ್ದು ಅದೇ ಇಪ್ಪತ್ತರಲ್ಲಿ ಒಂದು ಎಂಬುದು ಸಾಬೀತಾಯಿತು.

ಮುಂಬೈನಲ್ಲಿ ವಿಚಾರಣೆ ಬೇಗ ಮುಗಿಯಿತು. 1910ರ ಮಾರ್ಚ್ ಅಂತ್ಯಕ್ಕೆ ತೀರ್ಪು. ಕಾನ್ಹೆರೆ, ಕರ್ವೆ, ದೇಶಪಾಂಡೆ ಮೂವರಿಗೂ ಗಲ್ಲು. ಇನ್ನು ಕೆಲವರಿಗೆ ಜೀವಾವಧಿ ಕರಿನೀರು. ಗುಂಡು ಹಾರಿಸಿದವನು ಒಬ್ಬನೇ. ಅವನೊಬ್ಬನ ಸಾವಿನಿಂದ ಉಳಿದವರನ್ನು ಕಾಪಾಡುವ ಲೆಕ್ಕಾಚಾರ ಪೂರ್ತಿ ತಲೆಕೆಳಗಾಗಿತ್ತು.

ಕೊಲೆ ನಡೆದು ನಾಲ್ಕು ತಿಂಗಳೂ ತುಂಬುವ ಮೊದಲೇ, ಏಪ್ರಿಲ್ 19ರಂದು, ಠಾಣೆ ಜೈಲಿನಲ್ಲಿ ಶಿಕ್ಷೆ ಜಾರಿಯಾಯಿತು. ಬಂಧುಗಳು ಯಾರೂ ಅಲ್ಲಿರಲಿಲ್ಲ. ಶವಗಳನ್ನೂ ಮನೆಯವರಿಗೆ ಕೊಡಲಿಲ್ಲ, ಜೈಲಿನವರೇ ಸುಟ್ಟರು. ಬೂದಿಯನ್ನು ಕೇಳಿದರೂ ಸಿಗುವಂತಿರಲಿಲ್ಲ, ಅದನ್ನು ಠಾಣೆ ಸಮೀಪದ ಸಮುದ್ರದ ನೀರಿಗೆ ಹಾಕಲಾಯಿತು. ಸಮಾಧಿಯೊಂದು ಎದ್ದರೆ ಅದೇ ಜನ ಸೇರುವ ಜಾಗವಾದೀತು ಎಂಬ ಭಯ ಆಡಳಿತಕ್ಕಿತ್ತು ಎಂದು ಊಹಿಸಲು ಹೆಚ್ಚು ಕಷ್ಟಪಡಬೇಕಿಲ್ಲ.

ಆನಂತರ ಏನಾಯಿತು?

ಲಂಡನ್ನಿನಲ್ಲಿ ಸಾವರ್ಕರ್ 1910ರ ಮಾರ್ಚ್ 13ರಂದು ಬಂಧನಕ್ಕೊಳಗಾದರು. ಹಡಗಿನಲ್ಲಿ ಭಾರತಕ್ಕೆ ತರುವಾಗ ಜುಲೈನಲ್ಲಿ ಫ್ರಾನ್ಸ್‌ನ ಮಾರ್ಸೇಲ್ಸ್ ಬಳಿ ನೀರಿಗೆ ಹಾರಿ ದಡ ಸೇರಿ ಮತ್ತೆ ಸಿಕ್ಕಿಬಿದ್ದ ಪ್ರಸಂಗ ಎಲ್ಲರಿಗೂ ಗೊತ್ತು. ನಾಸಿಕ್ ಸಂಚು ಮೊಕದ್ದಮೆಯನ್ನು ನಡೆಸಿದ ಮೂವರು ನ್ಯಾಯಮೂರ್ತಿಗಳ ಪೀಠದಲ್ಲಿ ಮುಖ್ಯ ನ್ಯಾಯಮೂರ್ತಿ ಬೇಸಿಲ್ ಸ್ಕಾಟ್ ಜೊತೆ ನಾರಾಯಣ ಗಣೇಶ ಚಂದಾವರ್ಕರ್ ಕೂಡ ಇದ್ದರು. ಉತ್ತರ ಕನ್ನಡದ ಹೊನ್ನಾವರದಲ್ಲಿ ಹುಟ್ಟಿ, 1900ರಲ್ಲಿ ಕಾಂಗ್ರೆಸ್ ಅಧ್ಯಕ್ಷರೂ ಆಗಿದ್ದವರು ಇವರು. 1910ರ ಡಿಸೆಂಬರ್ 24ರಂದು ಸಾವರ್ಕರ್‌ಗೆ ಮೊದಲ ಜೀವಾವಧಿ ಶಿಕ್ಷೆ. ಜಾಕ್ಸನ್ ಕೊಲೆಗೆ ಕುಮ್ಮಕ್ಕು ನೀಡಿದ್ದಕ್ಕಾಗಿ 1911ರ ಜನವರಿಯಲ್ಲಿ ಎರಡನೆಯದು. ಅಂಡಮಾನ್‌ಗೆ ಹೊರಡುವ ಮುನ್ನ ಅವರನ್ನು ಇಟ್ಟಿದ್ದು ಕಾನ್ಹೆರೆ ನೇಣಿಗೇರಿದ ಅದೇ ಠಾಣೆ ಜೈಲಿನಲ್ಲಿ.

1878ರ ಶಸ್ತ್ರಾಸ್ತ್ರ ಕಾಯ್ದೆ ಸ್ವಾತಂತ್ರ್ಯ ಬಂದ ಮೇಲೂ ಒಂದು ದಶಕಕ್ಕಿಂತ ಹೆಚ್ಚು ಕಾಲ ಉಳಿದು, 1959ರ ಹೊಸ ಕಾಯ್ದೆ ಬಂದಾಗ ಮರೆಗೆ ಸರಿಯಿತು. ನಾಸಿಕ್‌ನ ಮೈದಾನವೊಂದಕ್ಕೆ ಹುತಾತ್ಮ ಅನಂತ ಕಾನ್ಹೆರೆ ಮೈದಾನ ಎಂಬ ಹೆಸರಿದೆ. ಈಗ ಅಲ್ಲಿ ರಣಜಿ ಪಂದ್ಯಗಳು ನಡೆಯುತ್ತವೆ.