ತೌಡಿನಲ್ಲಿ ಅಡಗಿದ್ದ ಜೀವಸತ್ತ್ವ

ಫಲವಿಲ್ಲದ ದುಡಿಮೆಯನ್ನು ತೌಡು ಕುಟ್ಟುವ ಕೆಲಸವೆಂದು ಕರೆಯುವುದು ಕನ್ನಡ ನಾಡಿನ ರೂಢಿ. ಭತ್ತವನ್ನು ಕುಟ್ಟಿದರೆ ಅಕ್ಕಿ ದೊರೆಯುತ್ತದೆ. ತೌಡನ್ನು ಎಷ್ಟು ಕುಟ್ಟಿದರೂ ಉಳಿಯುವುದು ತೌಡೇ. ದನಕರುಗಳ ಪಾಲಿಗೆಂದು ಬಿಟ್ಟ ಈ ತೌಡಿನಲ್ಲಿಯೇ ಮನುಷ್ಯನ ಪ್ರಾಣವನ್ನು ಉಳಿಸಬಲ್ಲ ವಸ್ತುವೊಂದಿದೆ. ಅದನ್ನು ಅರಿಯಲು ಜಗತ್ತಿಗೆ ದಾರಿ ತೋರಿದವನು ಡಚ್ ವೈದ್ಯನಾದ ಕ್ರಿಶ್ಚಿಯಾನ್ ಐಕ್ಮನ್.

ಐಕ್ಮನ್ನನು 1858ರ ಆಗಸ್ಟ್ 11ರಂದು ಹಾಲೆಂಡಿನ ನೈಕೆರ್ಕ್ ಎಂಬ ಊರಿನಲ್ಲಿ ಜನಿಸಿದನು. ಶಾಲಾ ಉಪಾಧ್ಯಾಯನೊಬ್ಬನ ಏಳನೆಯ ಮಗು ಅವನು. ಸೈನ್ಯದ ವೈದ್ಯನಾಗುವ ಒಪ್ಪಂದದ ಮೇಲೆ ಆಮ್‌ಸ್ಟರ್‌ಡ್ಯಾಮಿನಲ್ಲಿ ವ್ಯಾಸಂಗ ಮಾಡಿ 1883ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದನು. ಅದೇ ವರ್ಷ ಇಂದಿನ ಇಂಡೊನೇಷ್ಯವಾದ ಡಚ್ ಈಸ್ಟ್ ಇಂಡೀಸಿಗೆ ಅವನ ನೇಮಕವಾಯಿತು. ಆದರೆ ಅಲ್ಲಿನ ಮಲೇರಿಯ ಅವನನ್ನು ಹಣ್ಣುಮಾಡಿತು. 1885ರಲ್ಲಿ ಅವನು ತಾಯ್ನಾಡಿಗೆ ಮರಳಬೇಕಾಯಿತು. ಮರುವರ್ಷವೇ ಅವನ ಮಡದಿ ತೀರಿಕೊಂಡಳು. ಇಪ್ಪತ್ತೆಂಟು ತುಂಬುವ ವೇಳೆಗೆ ಆರೋಗ್ಯವನ್ನೂ ಸಂಗಾತಿಯನ್ನೂ ಕಳೆದುಕೊಂಡಿದ್ದ ಆ ತರುಣನು ಎದೆಗುಂದದೆ ಬರ್ಲಿನ್ನಿಗೆ ತೆರಳಿ, ರಾಬರ್ಟ್ ಕಾಕ್ ಎಂಬ ಮಹಾವಿಜ್ಞಾನಿಯ ಬಳಿ ಸೂಕ್ಷ್ಮಾಣುಶಾಸ್ತ್ರವನ್ನು ಕಲಿಯತೊಡಗಿದನು.

ಆ ಕಾಲದಲ್ಲಿ ಜಾವಾ ದ್ವೀಪದ ಕಡೆ ಬೆರಿಬೆರಿ ಎಂಬ ರೋಗವು ಹಬ್ಬಿತ್ತು. ಅದು ತಗುಲಿದವರ ಕಾಲುಗಳು ಜೋಮು ಹಿಡಿದು ಬಲಗುಂದುತ್ತಿದ್ದವು. ಕೆಲವರ ಮೈ ಊದಿಕೊಳ್ಳುತ್ತಿತ್ತು. ಕೊನೆಗೆ ಹೃದಯವೇ ಸೋಲುತ್ತಿತ್ತು. ಸೈನಿಕರೂ ಸೆರೆಯಾಳುಗಳೂ ಹೆಚ್ಚಾಗಿ ಇದಕ್ಕೆ ತುತ್ತಾಗುತ್ತಿದ್ದರು. ಕಾರಣವನ್ನು ಅರಸಲು ಡಚ್ ಸರ್ಕಾರವು 1886ರಲ್ಲಿ ಪೆಕೆಲ್‌ಹಾರಿಂಗ್ ಮತ್ತು ವಿಂಕ್ಲರ್ ಎಂಬ ವಿದ್ವಾಂಸರನ್ನು ಕಳುಹಿಸಿತು. ಸಹಾಯಕನಾಗಿ ಐಕ್ಮನ್ನನೂ ಹೊರಟನು. ಇದು ರೋಗಾಣುವಿನ ಕೃತ್ಯವೆಂದೇ ಎಲ್ಲರ ನಂಬಿಕೆ. ಹಿರಿಯರಿಬ್ಬರು ಸ್ವದೇಶಕ್ಕೆ ಹಿಂದಿರುಗಿದ ಮೇಲೆ, 1888ರಲ್ಲಿ ಬಟೇವಿಯದ ಪ್ರಯೋಗಶಾಲೆಯ ಹೊಣೆಯು ಐಕ್ಮನ್ನನ ಹೆಗಲಿಗೆ ಬಿತ್ತು.

ಅವನು ಕೋಳಿಗಳಿಗೆ ರೋಗವನ್ನು ಅಂಟಿಸಿ ನೋಡಲು ಯತ್ನಿಸಿದನು. 1889ರಲ್ಲಿ ವಿಚಿತ್ರವೊಂದು ನಡೆಯಿತು. ಚುಚ್ಚುಮದ್ದು ಪಡೆದ ಕೋಳಿಗಳಂತೆಯೇ ಪಡೆಯದ ಕೋಳಿಗಳೂ ಕಾಲು ಸೋತು ಬಿದ್ದವು. ಬೆರಿಬೆರಿಯನ್ನು ಹೋಲುವ ನರರೋಗವು ಎಲ್ಲವನ್ನೂ ಹಿಡಿದಿತ್ತು. ಕೆಲವು ತಿಂಗಳು ಕಳೆಯುವಷ್ಟರಲ್ಲಿ, ಯಾವ ಔಷಧವೂ ಇಲ್ಲದೆ, ರೋಗವು ತಾನಾಗಿಯೇ ಮಾಯವಾಯಿತು! ಬೇರೊಬ್ಬನಾಗಿದ್ದರೆ ತನ್ನ ಪ್ರಯೋಗ ಕೆಟ್ಟಿತೆಂದು ಕೈಚೆಲ್ಲುತ್ತಿದ್ದನೇನೋ. ಐಕ್ಮನ್ನನು ಕೋಳಿಗಳ ಆಹಾರದ ಕಡೆಗೆ ಕಣ್ಣು ಹಾಯಿಸಿದನು. ಪ್ರಯೋಗಶಾಲೆಯ ಸೇವಕನು ಖರ್ಚು ಉಳಿಸಲೆಂದು ಸೈನಿಕ ಆಸ್ಪತ್ರೆಯ ಅಡುಗೆಮನೆಯಿಂದ ಮಿಕ್ಕ ಅನ್ನವನ್ನು ತಂದು ಹಾಕುತ್ತಿದ್ದನು. ಅದು ಚೆನ್ನಾಗಿ ಪಾಲಿಶ್ ಮಾಡಿದ ಬಿಳಿಯ ಅಕ್ಕಿಯ ಅನ್ನ. ಮುಂದೆ ಹೊಸ ಅಡುಗೆಯವನು ಬಂದನು. ಸೈನ್ಯದ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡಲಾಗದೆಂದು ಅವನು ನಿರಾಕರಿಸಿದನು. ಅಂದಿನಿಂದ ಕೋಳಿಗಳಿಗೆ ತೌಡು ಹೋಗದ ಅಗ್ಗದ ಅಕ್ಕಿಯೇ ಗತಿಯಾಯಿತು. ಅವು ಗುಣಹೊಂದಿದ್ದೂ ಆಗಲೇ.

ಐಕ್ಮನ್ನನು ಈ ಸುಳಿವನ್ನು ಬಿಡಲಿಲ್ಲ. ವರ್ಷಗಟ್ಟಲೆ ಪರೀಕ್ಷೆ ನಡೆಸಿದನು. ಬಿಳಿಯ ಅಕ್ಕಿಯನ್ನಷ್ಟೇ ತಿಂದ ಕೋಳಿಗಳು ಮತ್ತೆ ಮತ್ತೆ ರೋಗಕ್ಕೆ ಗುರಿಯಾದವು. ತೌಡನ್ನು ಸೇರಿಸಿ ಕೊಟ್ಟಾಗ ಚೇತರಿಸಿಕೊಂಡವು.

ಕೋಳಿಯ ಮಾತು ಮನುಷ್ಯನಿಗೂ ಸಲ್ಲುವುದೇ ಎಂಬ ಪ್ರಶ್ನೆ ಉಳಿಯಿತು. ಅವನ ಪ್ರಯೋಗಗಳನ್ನು ಅರಿತಿದ್ದ ವೋರ್ಡರ್‌ಮನ್ ಎಂಬ ಆರೋಗ್ಯಾಧಿಕಾರಿಯು ಜಾವಾದ 101 ಸೆರೆಮನೆಗಳಲ್ಲಿ ಸುಮಾರು 2,80,000 ಸೆರೆಯಾಳುಗಳ ಲೆಕ್ಕವನ್ನು ಸಂಗ್ರಹಿಸಿದನು. ಪಾಲಿಶ್ ಮಾಡಿದ ಅಕ್ಕಿಯನ್ನು ಉಣ್ಣುತ್ತಿದ್ದ ಕಡೆ 39 ಮಂದಿಗೊಬ್ಬನಿಗೆ ಬೆರಿಬೆರಿ ತಗುಲಿತ್ತು. ತೌಡುಳ್ಳ ಅಕ್ಕಿಯನ್ನು ಉಣ್ಣುತ್ತಿದ್ದ ಕಡೆ 10,000 ಮಂದಿಗೊಬ್ಬನಿಗೆ ಮಾತ್ರ.

ಐಕ್ಮನ್ನನು ಕಂಡದ್ದು ನಿಜವಾದರೂ ಅದಕ್ಕೆ ಕೊಟ್ಟ ವಿವರಣೆ ಸರಿಯಾಗಿರಲಿಲ್ಲ. ಬಿಳಿಯ ಅಕ್ಕಿಯ ಪಿಷ್ಟದಿಂದ ವಿಷ ಹುಟ್ಟುತ್ತದೆ, ತೌಡು ಅದನ್ನು ಮುರಿಯುತ್ತದೆ ಎಂದು ಅವನು ಊಹಿಸಿದನು. ಅನಾರೋಗ್ಯದಿಂದ 1896ರಲ್ಲಿ ಅವನು ಜಾವಾವನ್ನು ಬಿಟ್ಟ ಮೇಲೆ ಸಂಶೋಧನೆಯನ್ನು ಮುಂದುವರಿಸಿದ ಗ್ರೈನ್ಸ್ ಎಂಬ ವೈದ್ಯನು, 1901ರಲ್ಲಿ ತಿದ್ದಿ ಹೇಳಿದನು: ರೋಗಕ್ಕೆ ಕಾರಣ ಅನ್ನದಲ್ಲಿರುವ ವಿಷವಲ್ಲ, ಅನ್ನದಲ್ಲಿಲ್ಲದ ಪೋಷಕವಸ್ತು. ಉಟ್ರೆಕ್ಟ್ ವಿಶ್ವವಿದ್ಯಾನಿಲಯದಲ್ಲಿ 1898ರಿಂದ ಪ್ರಾಧ್ಯಾಪಕನಾಗಿದ್ದ ಐಕ್ಮನ್ನನು ಕಾಲಕ್ರಮದಲ್ಲಿ ಈ ಅಭಿಪ್ರಾಯವನ್ನೇ ಒಪ್ಪಿಕೊಂಡನು. ತನ್ನ ಊಹೆಗಿಂತ ಸತ್ಯವು ದೊಡ್ಡದೆಂದು ಬಗೆಯುವುದು ನಿಜವಾದ ವಿಜ್ಞಾನಿಯ ಲಕ್ಷಣ.

1912ರಲ್ಲಿ ಫಂಕ್ ಎಂಬ ವಿಜ್ಞಾನಿಯು ಇಂಥ ಪೋಷಕವಸ್ತುಗಳಿಗೆ ವಿಟಮಿನ್ ಎಂಬ ಹೆಸರನ್ನು ಬಳಕೆಗೆ ತಂದನು. 1926ರಲ್ಲಿ ಯಾನ್ಸೆನ್ ಮತ್ತು ಡೊನಾತ್ ಎಂಬುವರು ಅದೇ ಬಟೇವಿಯದಲ್ಲಿ ತೌಡಿನಿಂದಲೇ ಆ ವಸ್ತುವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಥಯಮಿನ್ ಅಥವಾ ಬಿ1 ಜೀವಸತ್ತ್ವವೆಂದು ಹೆಸರಾಗಿರುವುದು ಅದೇ. 1929ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ಐಕ್ಮನ್ನನಿಗೂ ಇಂಗ್ಲೆಂಡಿನ ಹಾಪ್ಕಿನ್ಸನಿಗೂ ಸಮನಾಗಿ ಸಂದಿತು. ಮರುವರ್ಷ, ನವೆಂಬರ್ 5ರಂದು, ಐಕ್ಮನ್ನನು ಕಣ್ಮುಚ್ಚಿದನು.

ದಿನನಿತ್ಯ ಅನ್ನವನ್ನು ಉಣ್ಣುವ ನಾಡಿಗೆ ಈ ಜೀವನದಿಂದ ದೊರೆಯುವ ಪಾಠ ದೊಡ್ಡದು. ಅಕ್ಕಿ ಬೆಳ್ಳಗಾದಷ್ಟೂ ಅದರ ಸತ್ತ್ವ ಕುಗ್ಗುತ್ತದೆ. ಬಿ1 ಜೀವಸತ್ತ್ವವು ನೀರಿನಲ್ಲಿ ಕರಗುವುದರಿಂದ, ಅಕ್ಕಿಯನ್ನು ಹಲವು ಸಲ ತೊಳೆದರೆ, ಗಂಜಿಯನ್ನು ಬಸಿದು ಚೆಲ್ಲಿದರೆ ಅದು ಇನ್ನಷ್ಟು ನಷ್ಟವಾಗುತ್ತದೆ. ಕರಾವಳಿಯ ಜನರ ಕುಚ್ಚಲಕ್ಕಿಯ ಸಂಗತಿಯೇ ಬೇರೆ. ಭತ್ತವನ್ನು ಸಿಪ್ಪೆಯೊಡನೆಯೇ ಬೇಯಿಸುವಾಗ ಹೊರಪದರದ ಸತ್ತ್ವವು ಕಾಳಿನ ಒಳಕ್ಕೆ ಇಳಿದು ನಿಲ್ಲುತ್ತದೆ. ವಿಟಮಿನ್ ಎಂಬ ಮಾತು ಹುಟ್ಟುವ ಮೊದಲೇ ಹಿರಿಯರ ಒಲೆಯ ಮೇಲೆ ಈ ಉಪಾಯ ನಡೆದುಬಂದಿತ್ತು. ಅನ್ನದ ಜೊತೆಗೆ ಬೇಳೆಕಾಳುಗಳನ್ನು ಬಳಸುವುದರಿಂದಲೂ ಈ ಕೊರತೆ ನೀಗುತ್ತದೆ.

ಊಟದ ಬೆಲೆಯನ್ನು ಅದರ ಬಣ್ಣದಿಂದ ಅಳೆಯಲಾಗದು. ತೌಡನ್ನು ಕಡೆಗಣಿಸದೆ ನೋಡಿದ ಐಕ್ಮನ್ನನ ದುಡಿಮೆ ತೌಡು ಕುಟ್ಟುವ ಕೆಲಸವಾಗಲಿಲ್ಲ.